ಅಮಾವಾಸ್ಯೆ ನೋಡಿ ಗೊತ್ತು ಮಾಡಿದ ವಾರ್ಷಿಕೋತ್ಸವ

ಕ್ಯಾಂಪಿಂಗ್, ಫೋಟೊಗ್ರಫಿ ಎರಡನ್ನೂ ಹಚ್ಚಿಕೊಂಡ ಕ್ಲಬ್ಬು ತನ್ನ ವಾರ್ಷಿಕೋತ್ಸವವನ್ನು ಶುರುವಾದ ತಾರೀಕಿಗೇ ಮಾಡಬೇಕೆಂದಿಲ್ಲ. ನಮ್ಮದನ್ನು ಈ ಸಲ ಪಂಚಾಂಗ ನೋಡಿ ಗೊತ್ತು ಮಾಡಿದೆವು: ಶಿವರಾತ್ರಿಗೆ ಹತ್ತಿರದ ಶನಿವಾರ, ಭಾನುವಾರ. ಶಿವರಾತ್ರಿ ಬರುವುದೇ ಅಮಾವಾಸ್ಯೆಯ ಮುನ್ನಾದಿನ, ಹಾಗಾಗಿ ರಾತ್ರಿಗೆ ಚಂದ್ರನ ಕಾಟವಿಲ್ಲ. ಮಳೆಗಾಲದ ಮೋಡವೂ ಇಲ್ಲ. ಬೆಳಗಿನ ಜಾವ ಆಕಾಶಗಂಗೆಯ ನಡುಭಾಗ ಆಗ್ನೇಯದಲ್ಲಿ ಮೇಲೇರುತ್ತದೆ. ಜಾಗ ಉಡುಪಿ ಜಿಲ್ಲೆಯ ಕಟಪಾಡಿಯಿಂದ ಪಡುವಣಕ್ಕಿರುವ ಮಟ್ಟು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ, ನಡುವೆ ತೆಂಗು ಮತ್ತು ಗಾಳಿಮರ. ಸೂರ್ಯಾಸ್ತಕ್ಕೆ ಒಂದು ಬದಿ, ನಕ್ಷತ್ರಕ್ಕೆ ಇನ್ನೊಂದು ಬದಿ. ತೋಟದವರ ಒಪ್ಪಿಗೆ ಪಡೆದು, ಪಂಚಾಯಿತಿಗೂ ಠಾಣೆಗೂ ಮೊದಲೇ ತಿಳಿಸಿದ್ದೆವು.

ಆದರೆ ಅಮಾವಾಸ್ಯೆ ಕತ್ತಲನ್ನು ಕೊಡುವಾಗ ದೊಡ್ಡ ಭರತವನ್ನೂ ಜೊತೆಗೆ ತರುತ್ತದೆ. ಸೂರ್ಯ, ಚಂದ್ರ ಒಂದೇ ಗೆರೆಯಲ್ಲಿ ನಿಂತು ಎಳೆಯುವ ದಿನಗಳು ಅವು. ಅಮಾವಾಸ್ಯೆ ಕಳೆದು ಒಂದೆರಡು ದಿನದವರೆಗೂ ಏರುವ ನೀರು ಹೆಚ್ಚುತ್ತಲೇ ಇರುತ್ತದೆ. ಆದ್ದರಿಂದ ಹಿಂದಿನ ದಿನದ ಭರತ ಬಿಟ್ಟುಹೋದ ಕಸದ ಗೆರೆ ನಂಬಲರ್ಹವಲ್ಲ. ಅದನ್ನು ನೋಡಿ ನಾಲ್ಕು ಹೆಜ್ಜೆ ಮೇಲೆ ಟೆಂಟ್ ಹಾಕಿದರೆ ನಿದ್ದೆಯಲ್ಲಿರುವಾಗ ನೀರು ಬಾಗಿಲಿಗೆ ಬರುತ್ತದೆ. ಮರಳಿನ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿ ಎಲ್ಲಿ ಶುರುವಾಗುತ್ತದೋ ಅದರಿಂದ ಒಳಗೆ ಹಾಕಬೇಕು, ಬಳ್ಳಿಯ ಮೇಲಲ್ಲ. ತೆಂಗಿನ ಮರದ ಕೆಳಗಂತೂ ಬೇಡ. ಕಾಯಿ ಬೀಳುವುದು ಎಲ್ಲರಿಗೂ ಗೊತ್ತು, ಒಣಗಿದ ಮಡಲೂ ಅಷ್ಟೇ ಅಪಾಯ. ನಾವು ಗಾಳಿಮರದ ಸಾಲಿನ ಹಿಂದೆ ಹಾಕಿದೆವು.

ಟೆಂಟಿನ ಜೊತೆ ಬರುವ ಸಣ್ಣ ಪೆಗ್ಗುಗಳು ಮರಳಿನಲ್ಲಿ ನಿಲ್ಲುವುದಿಲ್ಲ. ಒಂದಡಿ ಉದ್ದದ ಕಟ್ಟಿಗೆಯ ನಡುವಿಗೆ ಹಗ್ಗ ಕಟ್ಟಿ, ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಅಡ್ಡಲಾಗಿ ಹೂತು, ನೀರು ಸುರಿದು ತುಳಿದರೆ ಅಲುಗಾಡದು. ಕಟ್ಟಿಗೆ ಇಲ್ಲದವರು ಗೋಣಿಚೀಲಕ್ಕೆ ಮರಳು ತುಂಬಿ ಹೂಳಬಹುದು. ಹಗಲಿಡೀ ಕಡಲಿನಿಂದ ಬೀಸುವ ಗಾಳಿ ರಾತ್ರಿ ತಿರುಗಿ ನೆಲದಿಂದ ಕಡಲಿಗೆ ಹೋಗುತ್ತದೆ. ಹಾಗಾಗಿ ಎರಡೂ ಕಡೆಯ ಹಗ್ಗ ಬಿಗಿಯಬೇಕು, ಎರಡೂ ಕಡೆಯ ಜಾಲರಿ ತೆರೆದಿಡಬೇಕು. ಜಾಲರಿ ಮುಚ್ಚಿ ಮಲಗಿದರೆ ಉಸಿರಿನ ಆವಿಯೇ ಬಟ್ಟೆಗೆ ಕೂತು ತೊಟ್ಟಿಕ್ಕುತ್ತದೆ.

ಸಂಜೆ ಒಂದು ತಂಡ ಕಾಪುವಿಗೆ ಹೋಯಿತು. 1901ರ ದೀಪಸ್ತಂಭ, ಅದರ ಬುಡದ ಬಂಡೆ. ಸೂರ್ಯ ಮುಳುಗಿದ ಕೂಡಲೇ ಕ್ಯಾಮೆರಾ ಚೀಲಕ್ಕೆ ಹಾಕುವವರು ಒಳ್ಳೆಯ ಚಿತ್ರವನ್ನು ಕಳೆದುಕೊಳ್ಳುತ್ತಾರೆ. ಮುಳುಗಿ 15ರಿಂದ 25 ನಿಮಿಷ ಕಳೆದಾಗ ಆಕಾಶದ ನೀಲಿ ಮತ್ತು ದೀಪದ ಬೆಳಕು ಸರಿಸಮ ಬರುತ್ತವೆ. ಲೆನ್ಸಿನ ಕಿಂಡಿ ಎಫ್8, ಬೆಳಕಿನ ಸೂಕ್ಷ್ಮತೆ ಐಎಸ್‌ಓ 100, ಶಟರ್ ತೆರೆದಿರುವ ಹೊತ್ತು 10ರಿಂದ 20 ಸೆಕೆಂಡ್. ಟ್ರೈಪಾಡ್ ಅಲೆಯ ಅಂಚಿನಲ್ಲಿದ್ದರೆ ಪ್ರತಿ ಅಲೆಗೂ ಕಾಲಡಿಯ ಮರಳು ಜಾರುತ್ತದೆ. ಮೊದಲೇ ಭಾರ ಹಾಕಿ ಕಾಲುಗಳನ್ನು ಮರಳಿನೊಳಗೆ ಒತ್ತಿ, ಅಲೆ ಹಿಂದೆ ಸರಿಯುವಾಗ ಶಟರ್ ಒತ್ತಬೇಕು. ಟ್ರೈಪಾಡ್ ಕಾಲಿನ ಕೊನೆಯ ತುಂಡನ್ನು ಗೇಣುದ್ದ ಹೊರಗೆಳೆದಿಟ್ಟರೆ ಅದರ ಲಾಕಿಗೆ ಮರಳು ಹೋಗುವುದಿಲ್ಲ. ಲೆನ್ಸಿನ ಮೇಲೆ ಕೂತ ಉಪ್ಪನ್ನು ಒಣಬಟ್ಟೆಯಲ್ಲಿ ಉಜ್ಜಬಾರದು, ಹರಳು ಗೀರುತ್ತದೆ. ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆ ಮೊದಲು, ಒಣಬಟ್ಟೆ ಆಮೇಲೆ.

ರಾತ್ರಿಯೂಟಕ್ಕೆ ಕುಚ್ಚಲಕ್ಕಿ ಗಂಜಿ, ಮಟ್ಟುಗುಳ್ಳದ (ಇಲ್ಲಿನ ಬದನೆ) ಬೋಳು ಹುಳಿ, ಒಣ ಸಿಗಡಿ ಚಟ್ನಿ. 30 ಜನಕ್ಕೆ ಮೂರೂವರೆ ಕಿಲೋ ಅಕ್ಕಿ, ಕಿಲೋಗೆ ಏಳೆಂಟು ಲೀಟರ್ ನೀರು. ಗಾಳಿಗೆ ಗ್ಯಾಸಿನ ಉರಿ ಓಲಾಡಿದರೆ ಗಂಜಿಗೆ ದುಪ್ಪಟ್ಟು ಹೊತ್ತು ಬೇಕು. ಮುರಕಲ್ಲು ಜೋಡಿಸಿ ಮೂರು ಕಡೆ ಮರೆ ಮಾಡಿ, ಸಿಲಿಂಡರನ್ನು ಮರೆಯಿಂದ ಹೊರಗೇ ಇಟ್ಟೆವು. ಕುಡಿಯಲು, ಅಡುಗೆಗೆ ಸೇರಿ ತಲೆಗೆ ದಿನಕ್ಕೆ ಐದು ಲೀಟರ್ ಸಿಹಿನೀರು ಸಾಕು. ಕಾಲು, ಟ್ರೈಪಾಡ್ ತೊಳೆಯುವ ನೀರು ಬೇರೆ.

ಶಿಬಿರಾಗ್ನಿ ಹಾಕಲಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಕರಾವಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆಯಿಡದೆ ಹಿಂದಿರುಗಬಹುದು, ಮರಿಗಳು ಕಡಲಿನ ಬದಲು ಬೆಳಕಿನ ಕಡೆ ನಡೆಯುತ್ತವೆ. ಬೆಂಕಿಯಿಲ್ಲದೆ ವಾರ್ಷಿಕೋತ್ಸವಕ್ಕೆ ಕಳೆಯಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಟಾರ್ಚುಗಳಿಗೆಲ್ಲ ಕೆಂಪು ಹಾಳೆ ಕಟ್ಟಿದೆವು. ಕತ್ತಲಿಗೆ ಹೊಂದಿದ ಕಣ್ಣಿಗೂ ಅದೇ ಒಳ್ಳೆಯದು.

ಬಿಳಿ ಪಂಚೆಯ ಮೇಲಿನ ಚಿತ್ರಪ್ರದರ್ಶನ ತೋಟದ ಒಳಗೆ, ಕಡಲಿಗೆ ಬೆನ್ನು ಹಾಕಿ ನಡೆಯಿತು. ತಲಾ ಐದು ಚಿತ್ರ ಮಾತ್ರ. 30 ಜನರ 150 ಚಿತ್ರ, ಒಂದೊಂದಕ್ಕೆ 20 ಸೆಕೆಂಡ್ ಎಂದರೆ 50 ನಿಮಿಷ. ಅದಕ್ಕಿಂತ ಹೆಚ್ಚಾದರೆ ನೋಡುವವರ ಕಣ್ಣು ಸೋಲುತ್ತದೆ. ಜನರೇಟರ್ ಬೇಡವೆಂದು 12 ವೋಲ್ಟಿನ 40 ಆಂಪಿಯರ್-ಅವರ್ ಕಾರ್ ಬ್ಯಾಟರಿ, ಇನ್ವರ್ಟರ್ ಬಳಸಿದೆವು. ಲೆಕ್ಕಕ್ಕೆ 480 ವಾಟ್-ಅವರ್ ಇದ್ದರೂ ಕಾರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಹಾಳಾಗುತ್ತದೆ. ಇನ್ವರ್ಟರಿನಲ್ಲಿ ಪೋಲಾಗುವುದನ್ನು ಕಳೆದರೂ 100 ವಾಟಿನ ಪ್ರೊಜೆಕ್ಟರಿಗೆ ಧಾರಾಳವಾಯಿತು.

ಬೆಳಗಿನ ಜಾವ ನಾಲ್ಕಕ್ಕೆ ಆಕಾಶಗಂಗೆಯ ಚಿತ್ರಕ್ಕೆಂದು ಎಲ್ಲರೂ ಹೊಳೆಯ ಬದಿಗೆ ಹೋದೆವು. ಐದೂವರೆ ದಾಟಿದರೆ ಮೂಡಣ ಬೆಳಗತೊಡಗುತ್ತದೆ, ಇರುವುದು ಒಂದೂವರೆ ತಾಸು. ಫೋಕಸ್ಸಿಗೆ ಜ್ಯೇಷ್ಠಾ ನಕ್ಷತ್ರ ಸಾಕು: ಕ್ಯಾಮೆರಾ ಪರದೆಯ ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಚುಕ್ಕಿ ಅತಿ ಚಿಕ್ಕದಾಗುವವರೆಗೆ ಫೋಕಸ್ ರಿಂಗ್ ತಿರುಗಿಸಿ, ಆ ರಿಂಗಿಗೆ ಟೇಪ್ ಅಂಟಿಸಿಬಿಡಬೇಕು. ನಕ್ಷತ್ರ ಗೆರೆಯಾಗದಂತೆ ಶಟರ್ ಎಷ್ಟು ಹೊತ್ತು ತೆರೆದಿಡಬಹುದೆಂದು ತಿಳಿಯಲು ಲೆನ್ಸಿನ ನಾಭಿದೂರದಿಂದ 500ನ್ನು ಭಾಗಿಸುವ ಹಳೆಯ ಲೆಕ್ಕದಲ್ಲಿ 20 ಮಿಲಿಮೀಟರಿಗೆ 25 ಸೆಕೆಂಡ್ ಬರುತ್ತದೆ. ಈಗಿನ ಸೆನ್ಸರುಗಳಲ್ಲಿ ಅಷ್ಟಕ್ಕೇ ನಕ್ಷತ್ರ ಗೆರೆಯಾಗುತ್ತದೆ, 15 ಸಾಕು. ಎಫ್2.8, ಐಎಸ್‌ಓ 3200. ನೆಲಗಾಳಿಗೆ ತೆಂಗಿನ ಗರಿ ಅಲ್ಲಾಡಿ ಮಸುಕಾಗುತ್ತದೆ. ಆಕಾಶವನ್ನು ಮುಗಿಸಿಕೊಂಡು, ಬೆಳಕು ಹರಿಯುವಾಗ ಕ್ಯಾಮೆರಾ ಕದಲಿಸದೆ ಗರಿಗಳಿಗೆಂದು ಚುರುಕು ಶಟರಿನಲ್ಲಿ ಬೇರೆ ಚಿತ್ರ ತೆಗೆದು ಸೇರಿಸಬೇಕು.

ಈ ಹೊತ್ತಿನ ನಿಜವಾದ ಶತ್ರು ಇಬ್ಬನಿ. ಗಾಜು ಸುತ್ತಲಿನ ಗಾಳಿಯ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ಆವಿ ನೀರಾಗುವ ಉಷ್ಣತೆಗಿಂತ, ತಣ್ಣಗಾದ ಕೂಡಲೇ ತೇವ ಕೂರುತ್ತದೆ, ಒರೆಸಿದರೆ ಮತ್ತೆ ಕೂರುತ್ತದೆ. ಪವರ್ ಬ್ಯಾಂಕಿನಿಂದ ನಡೆಯುವ ಹೀಟರ್ ಪಟ್ಟಿಯನ್ನು ಮುಂದಿನ ಗಾಜಿನ ಪಕ್ಕ ಸುತ್ತಿ, ಇಬ್ಬನಿ ಬೀಳುವ ಮೊದಲೇ ಚಾಲೂ ಮಾಡಿದ್ದವರ ಚಿತ್ರಗಳು ಕೊನೆಯವರೆಗೂ ಚೊಕ್ಕವಾಗಿ ಬಂದವು.

ಬೆಳಿಗ್ಗೆ ಕಡಲ ಬದಿಯಲ್ಲಿ ಮೀನುಗಾರರು ಕೈರಂಪಣಿ (ದಡದಿಂದ ಹಗ್ಗ ಹಿಡಿದು ಎಳೆಯುವ ಬಲೆ) ಎಳೆಯುತ್ತಿದ್ದರು. ಮೊದಲು ಮಾತಾಡಿಸಿ, ಒಪ್ಪಿಗೆ ಕೇಳಿ, ಆಮೇಲೆ ಕ್ಯಾಮೆರಾ. ಎರಡು ಹಗ್ಗಗಳ ನಡುವೆ ನುಗ್ಗಬಾರದು, ಹಗ್ಗ ದಾಟಬಾರದು. ಬಿಗಿದ ಹಗ್ಗ ಪುಟಿದರೆ ಕಾಲಿಗೆ ಪೆಟ್ಟು, ಎಳೆಯುವವರ ಲಯವೂ ತಪ್ಪುತ್ತದೆ.

ಮನೆ ಸೇರಿದ ದಿನವೇ ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಲೆನ್ಸುಗಳು ಗಾಳಿಯಾಡದ ಡಬ್ಬಿಗೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಹರಳು. ಡಬ್ಬಿಯೊಳಗಿನ ತೇವಾಂಶ ಶೇ. 40ರಿಂದ 50ರ ನಡುವೆ ನಿಲ್ಲಲಿ, ಕರಾವಳಿಯ ಹವೆಯಲ್ಲಿ ಶಿಲೀಂಧ್ರ ಹಿಡಿಯಲು ಹೆಚ್ಚು ದಿನ ಬೇಡ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಬಣ್ಣ ತಿರುಗಿದ ಮೇಲೆ ಆರಿಸಿ ಮತ್ತೆ ಹಾಕಬಹುದು.