ಶೋಕೇಸ್‌ನೊಳಗಿನ ನಾಲ್ಕು ಪೈಗಳು

ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಸರ್ವರ್‌ಗೆ ಸಿಕ್ಕ ಜಾಗ ಟೀವಿ ಕೆಳಗಿನ ಶೋಕೇಸ್. ಅಂಗೈಯಗಲದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4, ಅಂಥವು ನಾಲ್ಕು, ಒಂದರ ಮೇಲೊಂದು. ಅಪ್ಪ ಕ್ಯಾಸೆಟ್‌ನಲ್ಲಿ ಹಿಡಿದಿಟ್ಟಿದ್ದ ತಾಳಮದ್ದಳೆಗಳೆಲ್ಲ ಈಗ ಅದರಲ್ಲೇ ಇವೆ. ಅದಕ್ಕೇನಾದರೂ ಆದರೆ ನನಗೆ ನಿದ್ದೆ ಬರುವುದಿಲ್ಲ.

ಅಕ್ಟೋಬರ್ ಸೆಖೆಯಲ್ಲಿ ಆಡಿಯೋ ತಡವರಿಸತೊಡಗಿತು. ಧೂಳು ಒರೆಸಲು ಹೋದ ಅಮ್ಮ ಥಟ್ಟನೆ ಕೈ ಎಳೆದುಕೊಂಡರು. "ಎಂತ ಮಾರಾಯ, ಕಾವಲಿ ಹಾಗೆ ಬಿಸಿ ಉಂಟಲ್ಲ ಇದು!"

ಅಳೆದು ನೋಡಿದೆ. ಪೈಗಳನ್ನು ನಡೆಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಚಿಪ್ಪಿನ ಬಿಸಿ ಒಂದು ಪುಟ್ಟ ಫೈಲ್‌ನಲ್ಲಿ ಸಿಗುತ್ತದೆ, 1000ದಿಂದ ಭಾಗಿಸಿದರೆ ಸೆಲ್ಸಿಯಸ್. ಮೇಲಿನಿಂದ ಎರಡನೆಯದು 82 ಡಿಗ್ರಿ! 80 ದಾಟಿದರೆ ಪೈ 4 ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಡವರಿಕೆ ಅದಕ್ಕೇ.

ಸುಮ್ನೆ ಒಮ್ಮೆ ನೋಡಿದರೆ ಸಾಲದು ಅಲ್ವಾ? ಬಿಸಿಯಂಥ ಅಂಕಿಗಳನ್ನು ಹೊರಗೆ ಕೊಡುವ ನೋಡ್ ಎಕ್ಸ್‌ಪೋರ್ಟರ್ ಎಂಬ ಪ್ರೋಗ್ರಾಮನ್ನು ನಾಲ್ಕಕ್ಕೂ ಹಾಕಿದೆ. ಪ್ರೊಮೀಥಿಯಸ್ ಎಂಬ ಇನ್ನೊಂದು ಪ್ರೋಗ್ರಾಮ್ ಆ ಅಂಕಿಗಳನ್ನು ಕೂಡಿಡುತ್ತದೆ, ಗ್ರಫಾನಾ ಗೆರೆ ಎಳೆದು ತೋರಿಸುತ್ತದೆ. ವಾರ ಕಳೆದ ಮೇಲೆ ಗೆರೆ ನೋಡಿ ಬೆರಗಾದೆ. ದಿನಾ ಸಂಜೆ ಏಳಕ್ಕೆ ಏರು, ಹತ್ತರ ಮೇಲೆ ಇಳಿತ. ಅದು ಅಮ್ಮನ ಸೀರಿಯಲ್ ಹೊತ್ತು! ಪಕ್ಕದಲ್ಲೇ ಇದ್ದ ಸೆಟ್‌ಟಾಪ್ ಬಾಕ್ಸಿನ ಬಿಸಿ ಗಾಜಿನ ಬಾಗಿಲೊಳಗೇ ಸುತ್ತುತ್ತಿತ್ತು.

ಬಾಕ್ಸನ್ನು ಮೇಲಿಟ್ಟೆ, ಬಾಗಿಲು ಕಳಚಿದೆ. ಪೈಗಳ ಫ್ಯಾನಿನ ರೆಕ್ಕೆಗೆ ಹತ್ತಿಯಂತೆ ಅಂಟಿದ್ದ ಧೂಳನ್ನು ಹಳೇ ಟೂತ್‌ಬ್ರಷ್‌ನಿಂದ ತೆಗೆದೆ. ಈಗ ಸಂಜೆಯೂ 61 ಡಿಗ್ರಿ. 75 ಮುಟ್ಟಿದರೆ ಫೋನಿಗೆ ಮೆಸೇಜ್ ಬರುತ್ತದೆ. ಇನ್ನೂ ಬಂದಿಲ್ಲ.