ನಡುರಾತ್ರಿಗೂ ‘ಮೊಯ್ನ್’

ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಉತ್ತರ ಜರ್ಮನಿಯ ಹ್ಯಾಂಬರ್ಗ್, ಬ್ರೆಮೆನ್, ಕೀಲ್ ಊರುಗಳಿಗೆ ಓದಲಿಕ್ಕೋ ಕೆಲಸಕ್ಕೋ ಹೊರಟವರು ‘ಗೂಟನ್ ಮೊರ್ಗನ್’ (ಶುಭೋದಯ), ‘ಗೂಟನ್ ಟಾಕ್’ (ಶುಭದಿನ) ಎಂಬ ಜರ್ಮನ್ ವಂದನೆಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಬಂದಿಳಿದ ಮೇಲೆ ಬಸ್ ಡ್ರೈವರ್‌ನಿಂದ ಹಿಡಿದು ಬೇಕರಿಯವರ ತನಕ ಎಲ್ಲರ ಬಾಯಲ್ಲೂ ಬೇರೊಂದೇ ಮಾತು: ‘ಮೊಯ್ನ್’. ಬೆಳಿಗ್ಗೆ ಎಂಟಕ್ಕೂ ಅದೇ, ರಾತ್ರಿ ಹನ್ನೊಂದಕ್ಕೂ ಅದೇ. ‘ಮೊರ್ಗನ್’ ಅಂದರೆ ಬೆಳಗು, ಇದು ಅದರದ್ದೇ ಮೊಟಕು ರೂಪ ಎಂದುಕೊಂಡು ಸಂಜೆ ಹೊತ್ತು ಅದನ್ನು ಹೇಳಲು ಹಿಂಜರಿಯುವವರು ಬಹಳ. ಹಿಂಜರಿಯಬೇಕಾಗಿಲ್ಲ.

ಜರ್ಮನಿಯ ಉತ್ತರ ಕರಾವಳಿಯಲ್ಲಿ ಶಾಲೆಯ ಜರ್ಮನ್ ಅಲ್ಲದೆ ‘ಪ್ಲಾಟ್’ ಎಂಬ ಇನ್ನೊಂದು ಭಾಷೆಯೂ ಇದೆ. ನೀರಿಗೆ ಜರ್ಮನ್ನಿನಲ್ಲಿ ‘ವಾಸರ್’ ಅಂದರೆ ಪ್ಲಾಟಿನಲ್ಲಿ ‘ವಾಟರ್’. ಸೇಬಿಗೆ ‘ಆಪ್ಫೆಲ್’ ಅಂದರೆ ಇಲ್ಲಿ ‘ಆಪ್ಪೆಲ್’. ಯುರೋಪಿನ ಪ್ರಾದೇಶಿಕ ಭಾಷೆಗಳ ಒಡಂಬಡಿಕೆಯಡಿ 1999ರಿಂದ ಜರ್ಮನಿ ಇದಕ್ಕೆ ರಕ್ಷಣೆಯನ್ನೂ ಕೊಟ್ಟಿದೆ. ಈ ಪ್ಲಾಟಿನಲ್ಲಿ, ಪಕ್ಕದ ಫ್ರೀಸಿಯನ್ ಸೀಮೆಯಲ್ಲಿ ‘ಮೊಯ್’ ಅಂದರೆ ಚೆಂದದ, ಒಳ್ಳೆಯ. ಡಚ್ಚರ ‘ಮೋಯ್’ ಕೂಡ ಅದೇ. ‘ಒಳ್ಳೆಯ ದಿನ’ ಎಂದು ಹಾರೈಸುವಾಗ ‘ಮೊಯೆನ್ ಡಾಗ್’ ಆಗುತ್ತದೆ. ದಿನ, ಬೆಳಗು, ಸಂಜೆ ಮೂರೂ ಅಲ್ಲಿ ಪುಲ್ಲಿಂಗ. ಹಾಗಾಗಿ ಮೂರಕ್ಕೂ ಗುಣವಾಚಕದ ರೂಪ ‘ಮೊಯೆನ್’ ಒಂದೇ. ಕೊನೆಯ ನಾಮಪದ ಉದುರಿಹೋದರೆ ಉಳಿಯುವುದು ‘ಮೊಯ್ನ್’. ನಮ್ಮ ಶುಭೋದಯ, ಶುಭಸಂಜೆ, ಶುಭರಾತ್ರಿಗಳ ಬಾಲ ಕತ್ತರಿಸಿ ಬರೀ ‘ಶುಭ’ ಎಂದು ಹೇಳಿದ ಹಾಗೆ. ಹೊತ್ತಿನ ಹಂಗೇ ಇಲ್ಲ.

‘ಮೊರ್ಗನ್’ನಿಂದ ಬಂದದ್ದು ಎನ್ನುವ ವಾದವನ್ನೂ ತಳ್ಳಿಹಾಕುವ ಹಾಗಿಲ್ಲ. ಲಕ್ಸೆಂಬರ್ಗಿನವರು ದಿನವಿಡೀ ಹೇಳುವ ‘ಮೊಯೆನ್’ ಅವರ ಭಾಷೆಯಲ್ಲಿ ಬೆಳಗಿನ ಹೆಸರೇ. ಎರಡು ತೊರೆ ಒಂದೇ ಹಳ್ಳಕ್ಕೆ ಸೇರಿರಬಹುದು. ಆದರೂ ರಾತ್ರಿಯ ‘ಮೊಯ್ನ್’ಗೆ ‘ಚೆಂದ’ದ ಅರ್ಥವೇ ಹೆಚ್ಚು ಹೊಂದುತ್ತದೆ.

ಪದ ಎಲ್ಲಿಂದ ಬಂತು ಎನ್ನುವುದು ಆಡುವವರಿಗೆ ಮರೆತುಹೋಗುವುದು ಸಹಜ. ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಎದುರಾದರೆ ‘ಆರಾಮಾ?’ ಎನ್ನುತ್ತೇವೆ, ‘ಆರಾಮ’ ಎಂದು ಉತ್ತರ ಬರುತ್ತದೆ. ಆ ಆರಾಮ ಪಾರಸಿಯ ಶಬ್ದ; ನೆಮ್ಮದಿ, ವಿಶ್ರಾಂತಿ ಎಂದು ಅರ್ಥ. ನಮ್ಮ ಬಾಯಿಗೆ ಅದು ಎಷ್ಟು ಒಗ್ಗಿದೆ ಎಂದರೆ ಹೊರಗಿನದೆಂದು ಯಾರಿಗೂ ಅನಿಸುವುದಿಲ್ಲ.

ಈಗ ಬಳಕೆ. ‘ಮೊಯ್ನ್’ ಒಂದೇ ಉಸಿರಿನ ಶಬ್ದ; ‘ಮೋ-ಯಿನ್’ ಎಂದು ಎರಡಾಗಿ ಒಡೆಯಬೇಡಿ, ಕೊನೆಯ ‘ನ್’ಗೆ ಒತ್ತು ಕೊಡಬೇಡಿ. ಉತ್ತರವೂ ‘ಮೊಯ್ನ್’ ಅಷ್ಟೇ. ಎದುರಿನವರು ಆಮೇಲೆ ಸುಮ್ಮನಿದ್ದರೆ ಸಿಟ್ಟಲ್ಲ, ಅಲ್ಲಿಗೆ ಮಾತು ಪೂರ್ತಿಯಾಯಿತು. ‘ಊಟ ಆತಾ? ಎಲ್ಲಿಗೆ ಹೊರಟ್ರಿ?’ ಎಂದು ಮುಂದುವರಿಸುವುದು ನಮ್ಮಲ್ಲಿ ಪ್ರೀತಿ. ಇಲ್ಲಿ ಗುರುತಿಲ್ಲದವರಿಗೆ ಅದು ವಿಚಾರಣೆಯಂತೆ ಕೇಳಿಸುತ್ತದೆ. ‘ಮೊಯ್ನ್ ಮೊಯ್ನ್’ ಎಂದು ಎರಡು ಸಲ ಹೇಳುವವರೂ ಇದ್ದಾರೆ, ತಪ್ಪೇನಲ್ಲ. ಆದರೆ ಎರಡನೆಯ ಮೊಯ್ನ್ ಬಂದರೆ ಅದಾಗಲೇ ಹರಟೆ ಎನ್ನುವ ಮಾತು ಉತ್ತರದವರಲ್ಲಿದೆ. ಒಂದೇ ಸಾಕು.

ನಮಗೆ ಬಲು ಉಪಯೋಗದ ಗುಣ ಇನ್ನೊಂದಿದೆ. ಜರ್ಮನ್ನಿನಲ್ಲೂ ನೀನು–ನೀವು ಭೇದ ಇದೆ: ‘ಡೂ’ ಮತ್ತು ‘ಝೀ’. ಮ್ಯೂನಿಕ್ ಕಡೆಯ ‘ಸೆರ್ವುಸ್’ ಸಲಿಗೆಯವರ ನಡುವಿನ ಮಾತು. ಲ್ಯಾಟಿನ್ನಿನ ಸೇವಕ ಎಂಬ ಶಬ್ದ ಅದು, ‘ನಿಮ್ಮ ಸೇವೆಗೆ ಸಿದ್ಧ’ ಎನ್ನುವ ವಿನಯದಿಂದ ಹುಟ್ಟಿ ಗೆಳೆಯರ ಮಾತಾಗಿದೆ. ‘ಮೊಯ್ನ್’ ಹಾಗಲ್ಲ. ಡೂ ಅನ್ನುವವರಿಗೂ ಹೇಳಬಹುದು, ಝೀ ಅನ್ನುವವರಿಗೂ ಹೇಳಬಹುದು. ಮೆಟ್ಟಿಲಲ್ಲಿ ಸಿಕ್ಕ ಮುದುಕರಿಗೆ, ಆಫೀಸಿನ ಲಿಫ್ಟಿನಲ್ಲಿ, ಡಾಕ್ಟರ ಹತ್ತಿರ ಕಾಯುವ ಕೋಣೆಗೆ ಕಾಲಿಡುವಾಗ ಕೂತವರೆಲ್ಲರಿಗೂ ಸೇರಿಸಿ ಒಂದು ‘ಮೊಯ್ನ್’. ಈ ಕೊನೆಯದನ್ನು ಮರೆಯಬೇಡಿ; ಸುಮ್ಮನೆ ಬಂದು ಕೂತರೆ ಅಲ್ಲಿ ಒರಟುತನ ಎನಿಸುತ್ತದೆ. ವೀಸಾ ಕಚೇರಿಗೆ, ಕೆಲಸದ ಸಂದರ್ಶನಕ್ಕೆ ಹೋದಾಗ ಮಾತ್ರ ‘ಗೂಟನ್ ಟಾಕ್’ ಎನ್ನುವುದೇ ಮೇಲು. ನಮ್ಮ ‘ನಮಸ್ಕಾರ’ದ ಜಾಗ ಅದರದ್ದು.

ಮಧ್ಯಾಹ್ನದ ಹೊತ್ತಿಗೆ ಆಫೀಸು, ಕಾರ್ಖಾನೆಗಳಲ್ಲಿ ‘ಮಾಲ್‌ಟ್ಸೈಟ್’ ಕೇಳಿಬರುತ್ತದೆ. ಅರ್ಥ ‘ಊಟದ ಹೊತ್ತು’. ‘ಊಟದ ಹೊತ್ತು ಹರಸಲ್ಪಟ್ಟದ್ದಾಗಲಿ’ ಎಂಬ ಹಳೆಯ ಹಾರೈಕೆಯ ತುಣುಕು. ನಮ್ಮ ‘ಊಟ ಆತಾ?’ಗೆ ಇದರಷ್ಟು ಹತ್ತಿರದ್ದು ಇಲ್ಲಿ ಇನ್ನೊಂದಿಲ್ಲ. ಅದೂ ಊಟಕ್ಕೆ ಕರೆಯಲ್ಲ, ಇದೂ ಕರೆಯಲ್ಲ. ‘ಮಾಲ್‌ಟ್ಸೈಟ್’ ಎಂದು ತಿರುಗಿ ಹೇಳಿ ನಡೆಯುವುದು.

ಮನೆಗೆ ಹೋದಾಗ ಬೇರೆ. ಎಮ್ಡೆನ್ ಸುತ್ತಿನ ಪೂರ್ವ ಫ್ರೀಸಿಯಾದಲ್ಲಿ ‘ಮೊಯ್ನ್’ ಆದ ಕೂಡಲೇ ಚಹಾ. ಶಿರಸಿ ಸೀಮೆಯಲ್ಲಿ ಬಂದವರಿಗೆ ಮೊದಲು ಆಸರಿಗೆ, ಅಂದರೆ ಬಾಯಾರಿಕೆಗೆ, ಕೊಡುವ ಹಾಗೆಯೇ. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ, ಅದರ ಮೇಲೆ ಬಿಸಿ ಕಪ್ಪು ಚಹಾ. ಸಕ್ಕರೆ ಚಟಚಟ ಸೀಳುವ ಸದ್ದು ಕೇಳಬೇಕು. ಕೊನೆಗೆ ಅಂಚಿನಿಂದ ಒಂದು ಚಮಚೆ ಕೆನೆ. ಕಲಕುವುದಿಲ್ಲ: ಮೊದಲು ಕೆನೆಯ ನುಣುಪು, ಆಮೇಲೆ ಚಹಾದ ಒಗರು, ತಳದಲ್ಲಿ ಸಿಹಿ. ಮೂರು ಬಟ್ಟಲು ಕುಡಿಯುವುದು ಅಲ್ಲಿಯ ಕ್ರಮ. ಸಾಕಾದರೆ ಚಮಚೆಯನ್ನು ಬಟ್ಟಲಿನೊಳಗೆ ಇಡಬೇಕು. ಇಲ್ಲದಿದ್ದರೆ ಮತ್ತೆ ತುಂಬುತ್ತಾರೆ.

ಹೊರಡುವಾಗ ‘ಮೊಯ್ನ್’ ಸಲ್ಲದು, ‘ಚೂಸ್’ ಎನ್ನಬೇಕು. ‘ದೇವರ ವಶಕ್ಕೆ’ ಎಂಬ ಅರ್ಥದ ಫ್ರೆಂಚರ ‘ಅದ್ಯೂ’, ಸ್ಪೇನಿನವರ ‘ಅದಿಯೋಸ್’ಗಳ ಬಳಗ ಅದು, ಈ ಕರಾವಳಿಯಲ್ಲಿ ‘ಅಟ್ಯೂಸ್’ ಆಗಿ, ಸವೆದು ‘ಚೂಸ್’ ಆಗಿದೆ. ಹೋಗುವಾಗಲೂ ‘ಬರ್ತೆ’ ಅನ್ನುವ ನಮಗೆ ಇದು ಸ್ವಲ್ಪ ಖಡಕ್ಕಾಗಿ ಕೇಳಬಹುದು. ಗಡಿ ದಾಟಿದರೆ ಲೆಕ್ಕ ಬದಲು: ದಕ್ಷಿಣ ಡೆನ್ಮಾರ್ಕಿನಲ್ಲಿ ‘ಮೊಯ್ನ್’ ಬರುವಾಗಲೂ ನಡೆಯುತ್ತದೆ, ಹೋಗುವಾಗಲೂ ನಡೆಯುತ್ತದೆ. ಫಿನ್ಲೆಂಡಿನಲ್ಲಿ ‘ಮೊಯ್’ ಎಂದು ಒಮ್ಮೆ ಹೇಳಿದರೆ ಬಂದೆ ಎಂದು, ‘ಮೊಯ್ ಮೊಯ್’ ಎಂದರೆ ಹೊರಟೆ ಎಂದು.