ಬೋಂಗೊ. ಸಿಂಹ ಅಲ್ಲ, ಬೋಂಗೊ.

ಕಾನೂನಿನ ಪರವಾನಗಿ ಇರುವ ಕಡೆ ಬೇಟೆ ತಂಡಗಳ ಜೊತೆ ಕೆಲಸ ಮಾಡಿದವನು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ: "ಎಲ್ಲಕ್ಕಿಂತ ಕಷ್ಟದ ಬೇಟೆ ಯಾವ ಪ್ರಾಣಿದು?" ಬೋಂಗೊ ಅನ್ನುತ್ತೇನೆ, ಆಫ್ರಿಕಾದ ಕಾಡಿನ ಒಂದು ದೊಡ್ಡ ಜಿಂಕೆ ಜಾತಿ. ಮುಖ ಸಪ್ಪಗಾಗುತ್ತದೆ. "ಸಿಂಹ ಅಲ್ವಾ?" ಸಿಂಹ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಬಂದವರು ಅದನ್ನು ನನ್ನ ಬಾಯಿಂದ ಹೇಳಿಸೋಕೆ ಯಾಕೆ ಒದ್ದಾಡಬೇಕೋ. ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಸಿಂಹ ದಿನಕ್ಕೆ 16ರಿಂದ 20 ಗಂಟೆ ಬಿದ್ದುಕೊಂಡಿರುವ ಪ್ರಾಣಿ. ರಾತ್ರಿ ಗರ್ಜಿಸಿ ತಾನು ಎಲ್ಲಿದ್ದೇನೆ ಅಂತ ತಾನೇ ಸಾರುತ್ತದೆ. ಅಪಾಯ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಪಾಯ ಬೇರೆ, ಕಷ್ಟ ಬೇರೆ. 'ಬಿಗ್ ಫೈವ್' ಅಂತ ಒಂದು ಪಟ್ಟಿ ಇದೆಯಲ್ಲ, ಆನೆ, ಘೇಂಡಾಮೃಗ, ಸಿಂಹ, ಚಿರತೆ, ಕೇಪ್ ಎಮ್ಮೆ, ಅದೂ ಅಪಾಯದ ಪಟ್ಟಿಯೇ. ಕಾಲ್ನಡಿಗೆಯಲ್ಲಿ ಹೋದವನನ್ನು ತಿರುಗಿ ಕೊಲ್ಲಬಲ್ಲ ಪ್ರಾಣಿಗಳು ಅಂತ ಆಫ್ರಿಕಾದ ಹಳೇ ಬೇಟೆಗಾರರು ಮಾಡಿಟ್ಟದ್ದು. ಈಗ ಜೀಪಿನಲ್ಲಿ ಕೂತು ಫೋಟೊ ತೆಗೆಯುವವರು ಅದಕ್ಕೆ ಟಿಕ್ ಹಾಕಿಕೊಳ್ಳುತ್ತಾರೆ. ಕೇಪ್ ಎಮ್ಮೆಗೆ ಹೆಚ್ಚುಕಡಿಮೆ ದಿನಾ ನೀರು ಬೇಕು. ನೀರಿನ ಹೊಂಡದ ಅಂಚಿನ ಕೆಸರು ನೋಡಿದರೆ ಜಾಡು ಸಿಕ್ಕೇ ಸಿಗುತ್ತದೆ. ಹುಡುಕುವುದು ಕಷ್ಟವಲ್ಲ, ಬದುಕಿ ಬರುವುದು ಕಷ್ಟ. ಐದರಲ್ಲಿ ಚಿರತೆ ಒಂದರ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ.

ಬೋಂಗೊ ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ದಟ್ಟ ಕಾಡಿನದು. ಕೆಂಪು ಮೈ, ಬೆನ್ನಿಂದ ಹೊಟ್ಟೆಗೆ ಇಳಿದ ಬಿಳಿ ಪಟ್ಟೆ. ದೊಡ್ಡ ಗಂಡು 400 ಕಿಲೋ ಹತ್ತಿರ ತೂಗುತ್ತದೆ. ಅಷ್ಟು ದೊಡ್ಡ ಮೈ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ. ಓಡುವಾಗ ಕೊಂಬನ್ನು ಬೆನ್ನಿಗೆ ಒರಗಿಸಿಕೊಂಡು ಬಳ್ಳಿಗಳ ಮಧ್ಯೆ ನುಸುಳಿಬಿಡುತ್ತದೆ. ಕಿವಿ ಬೇರೆ ಮೊರದಗಲ. ಒಂದು ಒಣ ಕಡ್ಡಿ ತುಳಿದರೆ ಅವತ್ತಿನ ಕೆಲಸ ಮುಗಿಯಿತು. ಅದಕ್ಕೇ ಕ್ಯಾಮರೂನ್ ಕಡೆ ಮಳೆ ಬಿದ್ದ ಮೇಲೆ ಹೋಗುತ್ತಾರೆ. ನೆಲದ ಎಲೆ ಒದ್ದೆಯಾಗಿ ಸದ್ದು ಮಾಡುವುದಿಲ್ಲ, ಹೊಸ ಗೊರಸಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಮುಂದೆ ನಡೆಯುವವರು ಅಲ್ಲಿನ ಕಾಡಿನಲ್ಲೇ ಬದುಕುವ ಬಾಕಾ ಜನ, ಎಷ್ಟೋ ಸಲ ಅವರ ಪುಟ್ಟ ನಾಯಿಗಳೂ ಇರುತ್ತವೆ. ಕೋವಿಯವನು ಹಿಂದೆ. ಆಮೇಲೆ ಫೋಟೊದಲ್ಲಿ ಮಾತ್ರ ಅವನೇ ಮುಂದೆ.

"ಬೋಂಗೊ ಬಿಟ್ಟರೆ?" ಅಂತ ಕೇಳುವವರೂ ಇದ್ದಾರೆ. ಸಿಟಟುಂಗ ಇದೆ. ಜೌಗಿನ ಜಿಂಕೆ ಅನ್ನಿ. ಜೊಂಡಿನೊಳಗೆ ಓಡಾಡಲು ಉದ್ದ ಗೊರಸು, ಹೆದರಿದರೆ ಮೂಗೊಂದನ್ನು ಮೇಲಿಟ್ಟು ಇಡೀ ಮೈ ನೀರಿನಲ್ಲಿ ಮುಳುಗಿಸಿಕೊಳ್ಳುತ್ತದೆ. ಮಧ್ಯ ಏಷ್ಯಾದ ಪಾಮೀರ್ ಬೆಟ್ಟಗಳಲ್ಲಿ ಮಾರ್ಕೊ ಪೋಲೊ ಕುರಿ ಇದೆ. 4000 ಮೀಟರ್ ಎತ್ತರ, ಅಡಗೋಣ ಅಂದರೆ ಒಂದು ಮರ ಇಲ್ಲ, ನಾಲ್ಕು ಹೆಜ್ಜೆ ಹತ್ತಿದರೆ ನಿಮ್ಮ ಏದುಸಿರೇ ನಿಮಗೆ ಕೇಳುತ್ತದೆ. ಸಾಕಾ?

"ಪಾಪ ಅಲ್ವಾ?" ಅನ್ನುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅದು ನೇರ ಪ್ರಶ್ನೆ. ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿತು. ಅಲ್ಲಿನ ಬೆಟ್ಟದ ಬೋಂಗೊ, ಅದು ಬೇರೆ ಉಪಜಾತಿ, ಈಗ ಕಾಡಿನಲ್ಲಿ ಹೆಚ್ಚೆಂದರೆ 100ರ ಆಸುಪಾಸು. ಪರವಾನಗಿ ನಿಂತಿತು, ಕಳ್ಳಬೇಟೆ ನಿಲ್ಲಲಿಲ್ಲ, ಕಾಡೂ ಕರಗಿತು. ಪಾಕಿಸ್ತಾನದ ಮಾರ್ಖೋರ್ ಮೇಕೆಗೆ 1997ರಲ್ಲಿ ವರ್ಷಕ್ಕೆ 6 ಪರವಾನಗಿ ಸಿಕ್ಕಿತು, ಆಮೇಲೆ ಅದು 12 ಆಯಿತು. ಹಣದ ದೊಡ್ಡ ಪಾಲು ಬೆಟ್ಟದ ಹಳ್ಳಿಗಳಿಗೇ ಹೋಗುತ್ತದೆ. ಅಲ್ಲಿ ಮಾರ್ಖೋರ್ ಹೆಚ್ಚಾಗಿದೆ. ಇದರಿಂದ ಬೇಟೆ ಒಳ್ಳೆಯದು ಅಂತ ನಾನು ಸಾಧಿಸಲು ಹೊರಟಿಲ್ಲ. ಸುಮ್ನೆ ನನ್ನನ್ನು ಕಟುಕನ ಹಾಗೆ ನೋಡಬೇಡಿ, ಅಷ್ಟೇ.

ನಿಜವಾಗಿ ಕಷ್ಟ ಕೊಡುವುದು ಮೂಗು. ಕಣ್ಣಿಗೆ ಮೋಸ ಮಾಡಬಹುದು. ಜಿಂಕೆ ಜಾತಿಗೆ ಕಿತ್ತಳೆ ಬಣ್ಣ ಎದ್ದು ಕಾಣುವುದೇ ಇಲ್ಲ, ಹಾಗಾಗಿ ಅಮೆರಿಕದಲ್ಲಿ ಬೇಟೆಗಾರರು ಒಬ್ಬರಿಗೊಬ್ಬರು ಗುಂಡು ಹೊಡೆದುಕೊಳ್ಳದಿರಲು ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ ಹಾಕಿಕೊಂಡೇ ಓಡಾಡುತ್ತಾರೆ. ಮೂಗಿನ ಹತ್ತಿರ ಆಟ ನಡೆಯುವುದಿಲ್ಲ. ಆಫ್ರಿಕಾದ ಜಾಡುಗಾರರ ಕೈಯಲ್ಲಿ ಒಂದು ಸಣ್ಣ ಬಟ್ಟೆ ಗಂಟು ಇರುತ್ತದೆ, ಒಳಗೆ ಜರಡಿ ಹಿಡಿದ ಬೂದಿ. ಆಗಾಗ ಒಂದು ಸಲ ಕೊಡವುತ್ತಾರೆ. ಬೂದಿ ನಮ್ಮ ಮುಖಕ್ಕೆ ಬಂದರೆ ಮುಂದೆ ನಡಿ, ಪ್ರಾಣಿ ಇರುವ ಕಡೆ ತೇಲಿದರೆ ಸುತ್ತು ಹಾಕು. ಬೆಟ್ಟದಲ್ಲಿ ಬಿಸಿಲೇರಿದ ಹಾಗೆ ಗಾಳಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಣ್ಣಗಾದರೆ ಕೆಳಗೆ ಇಳಿಯುತ್ತದೆ. ಬಿಸಿಲೇರಿದ ಮೇಲೆ ಮೇಲಿಂದ ಬರಬೇಕು, ಸಂಜೆ ಕೆಳಗಿಂದ. ಇದು ಗೊತ್ತಿಲ್ಲದವನಿಗೆ ಮೊಲವೂ ಕಷ್ಟದ ಬೇಟೆಯೇ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಗುಂಡು ತಗುಲಿದ ಮೇಲೆ ಏನಾಗುತ್ತದೆ? ಎಲ್ಲರ ತಲೆಯಲ್ಲೂ ಢಂ ಅಂದರೆ ಮುಗಿಯಿತು.

ನಮೀಬಿಯಾದ ಮುಳ್ಳುಕಾಡಿನಲ್ಲಿ ಒಬ್ಬ ಆಸಾಮಿಯ ಜೊತೆ ಹೋಗಿದ್ದೆ. ಗುರಿ ಹಲಗೆಯ ಮುಂದೆ ಭಾರಿ ಶೂರ. ಬೆಳಗ್ಗೆ ಒಂದು ಗಂಡು ಕುಡುವಿಗೆ, ಸುರುಳಿ ಕೊಂಬಿನ ದೊಡ್ಡ ಜಿಂಕೆ ಅನ್ನಿ, ಹೊಡೆದ. ಅದು ಬೆನ್ನು ಗೂನು ಮಾಡಿ, ನಿಧಾನಕ್ಕೆ ಪೊದೆಯೊಳಗೆ ನಡೆದುಹೋಯಿತು. ಬೆನ್ನು ಗೂನು ಮಾಡಿತು ಅಂದರೆ ಗುಂಡು ಹೊಟ್ಟೆಗೆ ಬಿದ್ದಿದೆ ಅಂತ ಲೆಕ್ಕ. ಆಸಾಮಿ ಓಡಲು ಎದ್ದ. ನಮ್ಮ ಜಾಡುಗಾರ, ವಯಸ್ಸಾದವರು, ಅಲ್ಲೇ ಮರದ ಕೆಳಗೆ ಕೂತುಬಿಟ್ಟರು. ಬೆನ್ನು ಹತ್ತಿದರೆ ಇಂಥ ಪ್ರಾಣಿ ಮೈಲಿಗಟ್ಟಲೆ ಹೋಗುತ್ತದೆ. ಬಿಟ್ಟರೆ ಹತ್ತಿರದಲ್ಲೇ ಎಲ್ಲೋ ಮಲಗುತ್ತದೆ. ಗಂಟೆಗಟ್ಟಲೆ ಕೂತೆವು.

ಎದ್ದ ಮೇಲೆ ಅವರು ಮೊದಲು ನೋಡಿದ್ದು ಒಂದು ಹುಲ್ಲಿನ ಎಸಳು. ನೊರೆ ನೊರೆಯಾದ ತಿಳಿಗೆಂಪು ರಕ್ತವಾದರೆ ಶ್ವಾಸಕೋಶ. ಕಪ್ಪು ಕೆಂಪಾದರೆ ಲಿವರ್. ಇದು ನೀರು ನೀರಾಗಿತ್ತು, ಹಸಿರು ಚೂರು ಅಂಟಿತ್ತು. ಮೂಸಿ ನೋಡಿ ಎಸೆದರು. ರಕ್ತ ಕಂಡ ಕಡೆಯೆಲ್ಲ ಮುಳ್ಳಿಗೆ ಒಂದೊಂದು ಚೂರು ಟಿಶ್ಯೂ ಕಾಗದ ಸಿಕ್ಕಿಸುತ್ತಾ ಹೋದರು. ಜಾಡು ತಪ್ಪಿದಾಗ ಹಿಂತಿರುಗಿ ಆ ಬಿಳಿ ಚೂರುಗಳ ಸಾಲು ನೋಡುವುದು. ಯಾವ ದಿಕ್ಕಿಗೆ ಹೊರಟಿದೆ ಅಂತ ಸಾಲೇ ಹೇಳುತ್ತದೆ. ಒಂದು ಕಡೆ ರಕ್ತ ನಿಂತೇ ಹೋಯಿತು. ಅವರು ಮೊಣಕಾಲೂರಿ, ಮಗುಚಿದ ಒಂದು ಕಲ್ಲಿನ ಒದ್ದೆ ಮಗ್ಗುಲನ್ನು ಬೆರಳಿನಿಂದ ಮುಟ್ಟುತ್ತಿದ್ದರು. ಆಗ ನಮ್ಮ ಶೂರ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಕುಡುಗಿಂತ ಕಷ್ಟದ್ದು ಯಾವುದು?"

ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಕೆಲಸ ಹೋಗುತ್ತಿತ್ತು.

ಕತ್ತಲಾಗುವ ಮೊದಲು ಕುಡು ಸಿಕ್ಕಿತು. ಮಲಗಿತ್ತು, ತಲೆ ಇನ್ನೂ ಎತ್ತಿಯೇ ಇತ್ತು. ಎರಡನೇ ಗುಂಡು ಸರಿಯಾಗಿ ಬಿತ್ತು. ಸಿಗದೇ ಹೋಗಿದ್ದರೂ ಅದು ಲೆಕ್ಕಕ್ಕೆ ಸೇರುತ್ತಿತ್ತು. ಅಲ್ಲಿನ ಬೇಟೆಯಲ್ಲಿ ಒಂದು ಹನಿ ರಕ್ತ ಬಿದ್ದರೂ ಆ ಪ್ರಾಣಿಗೆ ಹಣ ಕಟ್ಟಬೇಕು. ಜರ್ಮನಿಯಲ್ಲಂತೂ ಗಾಯದ ಪ್ರಾಣಿಯನ್ನು ಹುಡುಕಲೆಂದೇ ಬೆಳೆಸಿದ ಹ್ಯಾನೋವರ್ ಹೌಂಡ್ ಅನ್ನುವ ನಾಯಿ ಇದೆ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಗಾಯದ ಪ್ರಾಣಿಯ ಹುಡುಕಾಟಕ್ಕೆ ಪಳಗಿದ ನಾಯಿ ಇರಲೇಬೇಕು.

ಆಸಾಮಿ ಕೊಂಬು ಹಿಡಿದು ಫೋಟೊಗೆ ಕೂತ. ಟೇಪು ತಂದು ಕೊಂಬಿನ ಸುರುಳಿ ಅಳೆಸಿದ. ಜಾಡುಗಾರರು ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಒಂದು ಮಾತು ಕೇಳಿದರು: "ಇವರ ಪರವಾನಗಿಯಲ್ಲಿ ಇನ್ನೆಷ್ಟು ಪ್ರಾಣಿ ಬಾಕಿ ಇದೆ?"